ನಾಲ್ಕು ಬ್ಯಾಂಡ್, ಮೂರು ಊರು: ಇದರಲ್ಲಿ ನನ್ನ ದನಿ ಯಾವುದು?

ಪ್ರಶ್ನೆ: ನಾನು ಗಾಯಕಿ, ನನಗೆ 27 ವರ್ಷ. ಏಳು ವರ್ಷದಿಂದ ಬ್ಯಾಂಡ್‌ಗಳಲ್ಲಿ ಹಾಡುತ್ತಿದ್ದೇನೆ. ಅಷ್ಟರಲ್ಲಿ ನಾಲ್ಕು ಬ್ಯಾಂಡ್ ಆಯಿತು, ಮೂರು ಊರು ಆಯಿತು. ಮೊದಲು ಕಾಲೇಜಿನ ರಾಕ್ ಬ್ಯಾಂಡ್. ಆಮೇಲೆ ಹೋಟೆಲ್‌ಗಳಲ್ಲಿ ಕವರ್ ಹಾಡುಗಳ (ಬೇರೆಯವರ ಹಾಡುಗಳನ್ನು ಹಾಡುವ) ಬ್ಯಾಂಡ್, ಆಮೇಲೆ ಒಂದು ಜಾಝ್ ಗುಂಪು, ಈಗ ಸ್ವಂತ ಹಾಡು ಮಾಡುವ ಸಣ್ಣ ಬ್ಯಾಂಡ್. ಬೇರೆ ಊರಿನ ದೊಡ್ಡ ರಾಕ್ ಬ್ಯಾಂಡ್ ಒಂದು ಈಗ ಕರೆದಿದೆ. ಅವರ ಗಾಯಕ ಬಿಟ್ಟು ಹೋಗಿದ್ದಾನೆ. ‘ಒಂದು ಕಡೆ ನಿಲ್ಲೋದು ಕಲಿ’ ಅಂತ ಮನೆಯಲ್ಲಿ ಹೇಳುತ್ತಾರೆ. ನನ್ನ ಭಯ ಬೇರೆ. ಒಂದೊಂದು ಬ್ಯಾಂಡ್‌ನಲ್ಲಿ ಒಂದೊಂದು ಥರ ಹಾಡಿ, ನನ್ನ ದನಿ ಯಾವುದು ಅಂತ ನನಗೇ ಗೊತ್ತಾಗುತ್ತಿಲ್ಲ. ಹೋಗಲೇ, ಬೇಡವೇ? ಅಂದಹಾಗೆ, ಶೋ ಆದ ಮರುದಿನ ಗಂಟಲು ಕಟ್ಟುತ್ತದೆ. ಇತ್ತೀಚೆಗೆ ಅದು ಜಾಸ್ತಿಯಾಗಿದೆ.

ಉತ್ತರ: ನೀವು ಕೇಳಿರುವುದು ಎರಡು ಪ್ರಶ್ನೆ. ಹೋಗಲೇ ಬೇಡವೇ ಅನ್ನೋದು ಒಂದು. ನನ್ನ ದನಿ ಯಾವುದು ಅನ್ನೋದು ಇನ್ನೊಂದು. ಎರಡನೆಯದು ಬಗೆಹರಿದರೆ ಮೊದಲನೆಯದು ಅಷ್ಟು ಕಷ್ಟ ಇಲ್ಲ. ಗಂಟಲಿನ ವಿಷಯವನ್ನು ಕೊನೆಯ ಸಾಲಿನಲ್ಲಿ ಬರೆದಿದ್ದೀರಿ. ನಾನೂ ಅದಕ್ಕೆ ಕೊನೆಗೆ ಬರುತ್ತೇನೆ, ಆದರೆ ಅದು ಸಣ್ಣ ವಿಷಯ ಅಲ್ಲ.

ನಾನು ಇಪ್ಪತ್ತು ವರ್ಷ ಬ್ಯಾಂಡ್‌ಗಳಲ್ಲಿ ಹಾಡಿದ್ದೇನೆ. ಈಗ ಬೇರೆ ಗಾಯಕರಿಗೆ ಹೇಳಿಕೊಡುತ್ತೇನೆ. ನಿಮ್ಮ ಥರ ಊರೂರು ತಿರುಗಿದವರು ಬಹಳ ಜನ ಬರುತ್ತಾರೆ. ‘ಎಷ್ಟು ಬ್ಯಾಂಡ್ ಬಿಟ್ಟಿರಿ?’ ಅಂತ ಅವರನ್ನು ಕೇಳುವುದಿಲ್ಲ. ‘ಬರುವಾಗ ಅಲ್ಲಿಂದ ಏನು ತಂದಿರಿ?’ ಅಂತ ಕೇಳುತ್ತೇನೆ. ಹತ್ತೂರ ನೀರು ಕುಡಿದವರು ಅಂತ ನಾವು ಮೆಚ್ಚಿಕೊಂಡೇ ಹೇಳುತ್ತೇವೆ, ಅಲ್ವಾ? ಗಾಯಕರ ವಿಷಯದಲ್ಲಿ ಮಾತ್ರ ಅದನ್ನು ಯಾಕೆ ದೂರಾಗಿ ಹೇಳಬೇಕು?

ಈ ಮಾತು ಬಂದಾಗಲೆಲ್ಲ ನನಗೆ ಅಮೆರಿಕದ ಹೆವಿ ಮೆಟಲ್ ಗಾಯಕ ರೋನಿ ಜೇಮ್ಸ್ ಡಿಯೊ ನೆನಪಾಗುತ್ತಾರೆ. ಹೆವಿ ಮೆಟಲ್ ಇಷ್ಟ ಇಲ್ಲದಿದ್ದರೂ ಪರವಾಗಿಲ್ಲ, ಅವರ ದಾರಿಯನ್ನು ಒಮ್ಮೆ ನೋಡಿ. ಹುಟ್ಟಿದ್ದು 1942ರಲ್ಲಿ, ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಕಾರ್ಟ್‌ಲ್ಯಾಂಡ್ ಅನ್ನೋ ಸಣ್ಣ ಊರಿನಲ್ಲಿ. ಚಿಕ್ಕಂದಿನಲ್ಲಿ ಕಲಿತದ್ದು ಹಾಡು ಅಲ್ಲ, ಟ್ರಂಪೆಟ್. 1957ರಲ್ಲಿ ಗೆಳೆಯರ ಜೊತೆ ಬ್ಯಾಂಡ್ ಕಟ್ಟಿದಾಗಲೂ ಮೊದಲು ಹಿಡಿದದ್ದು ಬೇಸ್ ಗಿಟಾರ್. ಮುಂದೆ ನಿಂತು ಹಾಡುವ ಕೆಲಸ ಆಮೇಲೆ ಬಂತು. ಆ ಬ್ಯಾಂಡ್ ಹಲವು ಸಲ ಹೆಸರು ಬದಲಾಯಿಸಿತು. ಜನ ಬಂದರು, ಹೋದರು. 1968ರಲ್ಲಿ ಕಾರು ಅಪಘಾತದಲ್ಲಿ ಗಿಟಾರಿಸ್ಟ್ ನಿಕ್ ಪಾಂಟಾಸ್ ತೀರಿಕೊಂಡರು. ಉಳಿದವರು ಸುಧಾರಿಸಿಕೊಂಡು ಮತ್ತೆ ಹೊರಟರು. ಅದೇ ಬ್ಯಾಂಡ್ ಕೊನೆಗೆ ‘ಎಲ್ಫ್’ ಆಯಿತು. 1972ರಲ್ಲಿ ಅದರ ಮೊದಲ ಆಲ್ಬಂ ಬಂತು. ಅದನ್ನು ಮಾಡಿಸಿದವರು ಬ್ರಿಟನ್ನಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನ ರಾಜರ್ ಗ್ಲೋವರ್ ಮತ್ತು ಇಯಾನ್ ಪೇಸ್. ಆಮೇಲೆ ಡೀಪ್ ಪರ್ಪಲ್ ಶೋಗಳಲ್ಲಿ ಮೊದಲು ವೇದಿಕೆ ಹತ್ತುವ ಬ್ಯಾಂಡ್ ಆಗಿ ಎಲ್ಫ್ ಊರೂರು ತಿರುಗಿತು. ಅಲ್ಲಿ ಈ ದನಿ ಡೀಪ್ ಪರ್ಪಲ್ ಗಿಟಾರಿಸ್ಟ್ ರಿಚಿ ಬ್ಲ್ಯಾಕ್‌ಮೋರ್ ಕಿವಿಗೆ ಬಿತ್ತು. 1975ರಲ್ಲಿ ಇವರಿಬ್ಬರ ‘ರೇನ್‌ಬೋ’ ಬ್ಯಾಂಡ್ ಹುಟ್ಟಿತು. ಅದರ ಮೊದಲ ಆಲ್ಬಂ ಬಂದಾಗ ಡಿಯೊಗೆ 33 ವರ್ಷ. ಮೊದಲ ಬ್ಯಾಂಡ್‌ನಿಂದ ಇಲ್ಲಿಗೆ 18 ವರ್ಷ ಆಗಿತ್ತು.

ಅಲ್ಲಿಗೂ ನಿಲ್ಲಲಿಲ್ಲ. ರೇಡಿಯೊದಲ್ಲಿ ಓಡುವಂಥ ಹಾಡು ಬೇಕು ಅಂತ ಬ್ಲ್ಯಾಕ್‌ಮೋರ್‌ಗೆ ಅನ್ನಿಸಿತು. ಡಿಯೊಗೆ ಅದು ಒಗ್ಗಲಿಲ್ಲ. 1979ರಲ್ಲಿ ಹೊರಗೆ ಬಂದರು. ಅದೇ ವರ್ಷ ಲಾಸ್ ಏಂಜಲೀಸ್‌ನಲ್ಲಿ ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಬ್ಲ್ಯಾಕ್ ಸಬಾತ್‌ನ ಗಿಟಾರಿಸ್ಟ್ ಟೋನಿ ಅಯೋಮಿ ಸಿಕ್ಕರು. ಆ ಬ್ಯಾಂಡ್ ತನ್ನ ಗಾಯಕ ಓಝಿ ಆಸ್‌ಬರ್ನ್ ಅವರನ್ನು ಆಗಷ್ಟೇ ಹೊರಗೆ ಕಳಿಸಿತ್ತು. ಅಂದರೆ ಈಗ ನಿಮ್ಮನ್ನು ಕರೆದಿರುವಂಥದೇ ಜಾಗ. ಹತ್ತು ವರ್ಷ ಒಬ್ಬ ಗಾಯಕನ ಮುಖ ನೋಡಿದ ಜನರ ಮುಂದೆ ಇನ್ನೊಬ್ಬರು ನಿಲ್ಲಬೇಕು.

ಅಲ್ಲಿ ಡಿಯೊ ಮಾಡಿದ್ದನ್ನು ನೀವು ಕಿವಿಗೊಟ್ಟು ಕೇಳಬೇಕು. ಓಝಿ ಕಾಲದ ಹಲವು ಹಾಡುಗಳಲ್ಲಿ ದನಿ ಗಿಟಾರಿನ ರಿಫ್ (ಮತ್ತೆ ಮತ್ತೆ ಬರುವ ಸಣ್ಣ ಸ್ವರಗುಚ್ಛ) ಜೊತೆಗೇ ನಡೆಯುತ್ತದೆ. ರಿಫ್ ಹತ್ತಿದರೆ ದನಿ ಹತ್ತುತ್ತದೆ, ಇಳಿದರೆ ಇಳಿಯುತ್ತದೆ. ಡಿಯೊ ಹಾಗೆ ಹಾಡಲಿಲ್ಲ. ರಿಫ್ ತನ್ನ ಪಾಡಿಗೆ ಹೋಗುತ್ತಿರುತ್ತದೆ, ಅದರ ಮೇಲೆ ದನಿ ಬೇರೆಯೇ ದಾರಿ ಹಿಡಿಯುತ್ತದೆ. ಈ ವ್ಯತ್ಯಾಸವನ್ನು ಅಯೋಮಿಯೇ ಹೇಳಿದ್ದಾರೆ. ಹೊಸ ಗಾಯಕ ಬಂದದ್ದರಿಂದ ಬ್ಯಾಂಡ್‌ನ ಹಾಡು ಕಟ್ಟುವ ರೀತಿಯೇ ಬದಲಾಯಿತು. 1980ರ ಆಲ್ಬಂ ಬ್ಯಾಂಡ್‌ಗೆ ಹೊಸ ಜೀವ ಕೊಟ್ಟಿತು.

ಹಾಗಾದರೆ ಎಲ್ಫ್, ರೇನ್‌ಬೋ, ಸಬಾತ್, ಮುಂದೆ 1983ರಲ್ಲಿ ಮೊದಲ ಆಲ್ಬಂ ತಂದ ಅವರದೇ ಹೆಸರಿನ ಬ್ಯಾಂಡ್, ಇದರಲ್ಲೆಲ್ಲ ಡಿಯೊ ‘ಸ್ವಂತ ದನಿ’ ಯಾವುದು? ಒಂದೊಂದು ಬ್ಯಾಂಡ್‌ನಿಂದ ಒಂದೊಂದು ಹಾಡು ಕೇಳಿ. ಹಾಡಿನ ಜಾತಿ ಬೇರೆ, ದನಿಯ ತೂಕ ಬೇರೆ. ಆದರೆ ಎರಡು ಸಾಲು ಕೇಳಿದರೆ ಸಾಕು, ಯಾರು ಅಂತ ಗೊತ್ತಾಗುತ್ತದೆ. ಉಸಿರು ಬಿಡುವ ರೀತಿ, ಸಾಲಿನ ಕೊನೆಯನ್ನು ಹಿಡಿದು ನಿಲ್ಲಿಸುವ ರೀತಿ, ಮಾತನ್ನು ಕಚ್ಚಿ ಹೇಳುವ ರೀತಿ ಬದಲಾಗಲೇ ಇಲ್ಲ. ಆ ಉಸಿರು ಬಂದದ್ದು ಟ್ರಂಪೆಟ್‌ನಿಂದ ಅಂತ ಅವರೇ ಹೇಳುತ್ತಿದ್ದರು.

ಸ್ವಂತ ದನಿ ಅಂದರೆ ಒಂದೇ ಥರ ಹಾಡುವುದು ಅಂತ ನೀವು ಅಂದುಕೊಂಡಿದ್ದೀರಿ. ಅದಕ್ಕೇ ಭಯ. ನಾನು ಅದನ್ನು ಒಪ್ಪುವುದಿಲ್ಲ. ಹಿಮ್ಮೇಳ ಬದಲಾದರೂ ಏನು ಉಳಿಯುತ್ತದೋ ಅದು ನಿಮ್ಮ ದನಿ. ಒಂದೇ ಬ್ಯಾಂಡ್‌ನಲ್ಲಿ ಇದ್ದವರಿಗೆ ಅದನ್ನು ಕಂಡುಹಿಡಿಯುವುದು ಕಷ್ಟ. ಯಾವುದು ತನ್ನದು, ಯಾವುದು ಬ್ಯಾಂಡಿನದು ಅಂತ ಬೇರೆ ಮಾಡಿ ನೋಡಲು ಅವರಿಗೆ ದಾರಿ ಇಲ್ಲ. ನಿಮಗೆ ಇದೆ. ಇದನ್ನು ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಒಂದು ಕೆಲಸ ಮಾಡಿ ನೋಡಿ.

ನಾಲ್ಕೂ ಬ್ಯಾಂಡ್‌ಗಳಿಂದ ಒಂದೊಂದು ಹಾಡು ಆರಿಸಿಕೊಳ್ಳಿ. ಒಂದು ಕೋಣೆಯಲ್ಲಿ ಕೂತು, ವಾದ್ಯ ಏನೂ ಇಲ್ಲದೆ, ನಾಲ್ಕನ್ನೂ ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಬ್ಯಾಂಡ್‌ನಲ್ಲಿ ಹಾಡುತ್ತಿದ್ದ ಸ್ಕೇಲ್ ಬೇಡ, ಮಾತಾಡುವಷ್ಟೇ ಸಲೀಸಾದ ಸ್ಕೇಲ್ ಹಿಡಿಯಿರಿ. ಎರಡು ದಿನ ಬಿಟ್ಟು ಕೇಳಿ. ನಾಲ್ಕರಲ್ಲೂ ಒಂದೇ ಥರ ಬಂದದ್ದನ್ನು ಬರೆದಿಡಿ. ಉಸಿರು ಎಲ್ಲಿ ತೆಗೆದಿರಿ, ಯಾವ ಅಕ್ಷರದ ಮೇಲೆ ಒತ್ತು ಬಿತ್ತು, ಸಾಲು ಮುಗಿಯುವಾಗ ದನಿ ಇಳಿಯಿತೇ ನಿಂತಿತೇ. ನನ್ನ ಹತ್ತಿರ ಬರುವವರಲ್ಲಿ ಬಹಳ ಜನ ಇದನ್ನು ಮಾಡಿದ ಮೇಲೆ ‘ನನಗೆ ದನಿಯೇ ಇಲ್ಲ’ ಅನ್ನೋದನ್ನು ನಿಲ್ಲಿಸಿದ್ದಾರೆ. ಕೆಲವರಿಗೆ ಕೇಳಿಸಿದ್ದು ಇಷ್ಟ ಆಗಿಲ್ಲ. ಅದೂ ಒಳ್ಳೆಯದೇ. ಏನನ್ನು ತಿದ್ದಬೇಕು ಅಂತ ಆಮೇಲೆ ಗೊತ್ತಾಗುತ್ತದೆ.

ಇನ್ನು ‘ಏನು ತಂದಿರಿ’ ಅನ್ನೋ ಪ್ರಶ್ನೆ. ಇದಕ್ಕೆ ನಾನು ಕೊಡುವ ಉದಾಹರಣೆ ಅಮೆರಿಕದ ಗಾಯಕ ಫ್ರಾಂಕ್ ಸಿನಾತ್ರಾ. 1939ರಲ್ಲಿ ಹ್ಯಾರಿ ಜೇಮ್ಸ್ ಅವರ ಬ್ಯಾಂಡ್ ಸೇರಿದರು. ವರ್ಷ ತುಂಬುವ ಮೊದಲೇ, 1940ರ ಆರಂಭದಲ್ಲಿ, ಟಾಮಿ ಡಾರ್ಸಿ ಬ್ಯಾಂಡ್‌ಗೆ ಹೋದರು. ಡಾರ್ಸಿ ನುಡಿಸುತ್ತಿದ್ದದ್ದು ಟ್ರಾಂಬೋನ್ ಅನ್ನೋ ಊದುವ ವಾದ್ಯ. ಎಷ್ಟು ಉದ್ದದ ಸಾಲಾದರೂ ಎಲ್ಲೂ ಕಡಿಯದೆ ನುಡಿಸುತ್ತಿದ್ದರು. ಸಿನಾತ್ರಾ ಅವರ ಹಿಂದೆ ಕೂತು ಬೆನ್ನನ್ನೇ ನೋಡುತ್ತಿದ್ದರಂತೆ. ಕೋಟು ಅಲ್ಲಾಡುವುದೇ ಕಾಣುತ್ತಿರಲಿಲ್ಲ. ಡಾರ್ಸಿ ಬಾಯಿಯ ಮೂಲೆಯಲ್ಲಿ ಕೂದಲೆಳೆಯಷ್ಟು ಜಾಗ ಮಾಡಿಕೊಂಡು ಉಸಿರು ಕದಿಯುತ್ತಿದ್ದಾರೆ ಅಂತ ಆಮೇಲೆ ತಿಳಿಯಿತು. ಸಿನಾತ್ರಾ ನೀರಿನೊಳಗೆ ಈಜಿ, ಓಡಿ, ತಮ್ಮ ಉಸಿರನ್ನು ಬೆಳೆಸಿಕೊಂಡರು. ಮುಂದೆ ಅವರು ಹಾಡಿದ ಆ ಉದ್ದುದ್ದ ಸಾಲುಗಳ ಬೇರು ಅಲ್ಲಿದೆ. ಹಾಡು ಕಲಿಸಿದ್ದು ಗಾಯಕ ಅಲ್ಲ, ಟ್ರಾಂಬೋನ್ ನುಡಿಸುವವರು.

ನಿಮ್ಮ ಕವರ್ ಬ್ಯಾಂಡ್ ನಿಮಗೆ ರಾತ್ರಿಗೆ ಮೂರು ಗಂಟೆ ಹಾಡುವ ಶಕ್ತಿ ಕೊಟ್ಟಿರಬೇಕು. ನೂರಾರು ಹಾಡಿನ ನೆನಪು ಕೊಟ್ಟಿರಬೇಕು. ಜಾಝ್ ಗುಂಪು ತಾಳಕ್ಕಿಂತ ಕೊಂಚ ತಡವಾಗಿ ಹಾಡುವುದನ್ನು ಕಲಿಸಿರಬೇಕು, ಮೆಲ್ಲಗೆ ಹಾಡುವ ಧೈರ್ಯ ಕೊಟ್ಟಿರಬೇಕು. ಹೀಗೆ ಹುಡುಕಿದಾಗ ಒಂದು ಬ್ಯಾಂಡ್‌ನ ಮುಂದೆ ಬರೆಯಲು ಏನೂ ಸಿಗದಿದ್ದರೆ, ಅಲ್ಲಿ ಜಾಸ್ತಿ ದಿನ ಇದ್ದಿರಿ ಅಂತ ಅರ್ಥ.

ಬೇಗ ಬಿಟ್ಟ ಬ್ಯಾಂಡ್‌ಗಳ ಬಗ್ಗೆಯೂ ಬೇಜಾರು ಬೇಡ. ಬ್ರಿಟನ್ನಿನ ರಾಕ್ ಗಾಯಕ ಫ್ರೆಡ್ಡಿ ಮರ್ಕ್ಯುರಿ 1969ರಲ್ಲಿ ಲಿವರ್‌ಪೂಲ್‌ನ ‘ಐಬೆಕ್ಸ್’ ಸೇರಿದರು. 1970ರಲ್ಲಿ ‘ಸವರ್ ಮಿಲ್ಕ್ ಸೀ’ ಅನ್ನೋ ಬ್ಯಾಂಡ್‌ನಲ್ಲಿ ಕೆಲವೇ ತಿಂಗಳು ಇದ್ದರು. ಅದೇ ವರ್ಷ ಬ್ರಯನ್ ಮೇ, ರಾಜರ್ ಟೇಲರ್ ಜೊತೆ ‘ಕ್ವೀನ್’ ಶುರುವಾಯಿತು. ಒಂದು ವರ್ಷದ ಆಸುಪಾಸಿನಲ್ಲಿ ಮೂರು ಬ್ಯಾಂಡ್.

ಈಗ ನಿಮ್ಮನ್ನು ಕರೆದವರ ವಿಷಯಕ್ಕೆ ಬರೋಣ. ಹಳೆಯ ಗಾಯಕ ಗಂಡಸು, ನೀವು ಹೆಣ್ಣು ಅಂತ ಪತ್ರದಿಂದ ಗೊತ್ತಾಗುತ್ತದೆ. ಹೋಗುವ ಮೊದಲು ಅವರನ್ನು ಒಂದು ಪ್ರಶ್ನೆ ಕೇಳಿ: ಹಳೆಯ ಹಾಡುಗಳ ಸ್ಕೇಲ್ ಬದಲಾಯಿಸುತ್ತೀರಾ? ಗಂಡಸಿನ ದನಿಗೆ ಕಟ್ಟಿದ ಹಾಡು ಅದೇ ಎತ್ತರದಲ್ಲಿ ನಿಮಗೆ ತೀರಾ ಕೆಳಗೆ ಬೀಳುತ್ತದೆ. ಒಂದು ಸ್ಥಾಯಿ ಮೇಲೆ ಹಾಡಿದರೆ ಕಿರುಚಿದ ಹಾಗಾಗುತ್ತದೆ. ಸಾಮಾನ್ಯವಾಗಿ ನಾಲ್ಕೈದು ಸ್ವರದಷ್ಟು ಸರಿಸಬೇಕಾಗುತ್ತದೆ. ಕೀಬೋರ್ಡ್ ನುಡಿಸುವವರಿಗೆ ಇದು ಒಂದು ಬಟನ್ ಕೆಲಸ. ಗಿಟಾರಿಸ್ಟ್ ತಕರಾರು ಮಾಡುತ್ತಾರೆ. ಅವರ ತಕರಾರು ಸುಳ್ಳಲ್ಲ. ದಪ್ಪ ತಂತಿಯನ್ನು ಬೆರಳಿಡದೆ ಹಾಗೇ ಮೀಟುವುದರ ಮೇಲೆ ಎಷ್ಟೋ ರಿಫ್‌ಗಳು ನಿಂತಿವೆ. ಸ್ಕೇಲ್ ಸರಿಸಿದರೆ ಆ ಗುಂಗು ಹೋಗುತ್ತದೆ. ಕ್ಯಾಪೊ (ಗಿಟಾರಿನ ಕುತ್ತಿಗೆಯ ಮೇಲೆ ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಹಾಕಬಹುದು, ಬೇರೆ ಶ್ರುತಿ ಮಾಡಿದ ಇನ್ನೊಂದು ಗಿಟಾರ್ ಇಟ್ಟುಕೊಳ್ಳಬಹುದು, ಇಲ್ಲವೇ ರಾಗವನ್ನೇ ನಿಮ್ಮ ದನಿಗೆ ತಕ್ಕ ಹಾಗೆ ಹೊಸದಾಗಿ ಕಟ್ಟಬಹುದು. ಸಬಾತ್‌ನಲ್ಲಿ ಹೊಸ ಹಾಡುಗಳಿಗೆ ಆದದ್ದು ಇದೇ ಅಲ್ವಾ? ಎಷ್ಟು ಹಾಡು ಸರಿಸಬೇಕು, ಎಷ್ಟು ಬಿಡಬೇಕು ಅನ್ನೋದನ್ನು ಕೂತು ಮಾತಾಡಬಹುದು. ಆದರೆ ‘ನಮ್ಮ ಹಾಡು ಹೀಗೇ, ಹೇಗಾದರೂ ಮಾಡಿ ಹಾಡಿ’ ಅಂದರೆ ದಯವಿಟ್ಟು ಹೋಗಬೇಡಿ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ನನ್ನ ಎರಡನೆಯ ಬ್ಯಾಂಡ್‌ನಲ್ಲಿ ನಾನು ಕೇಳಲಿಲ್ಲ. ಹೊಸಬರು, ಸುಮ್ನೆ ತೊಂದರೆ ಯಾಕೆ ಅಂದುಕೊಂಡೆ. ಹಳೆಯ ಗಾಯಕನ ಸ್ಕೇಲ್‌ನಲ್ಲೇ ಮೂರು ವಾರ ಪ್ರಾಕ್ಟೀಸ್ ಮಾಡಿದೆ. ಮೊದಲ ಶೋನ ಏಳನೆಯ ಹಾಡಿನಲ್ಲಿ ದನಿ ಒಡೆಯಿತು, ಹತ್ತನೆಯದಕ್ಕೆ ನಿಂತೇ ಹೋಯಿತು. ಸರಿಹೋಗಲು ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ಅವರು ಬೇರೆಯವರನ್ನು ಹುಡುಕಿಕೊಂಡಿದ್ದರು.

ಮೊದಲ ಶೋ ಯಾವಾಗ ಅನ್ನೋದನ್ನೂ ಕೇಳಿ. ಅಮೆರಿಕದ ರಾಕ್ ಗಾಯಕಿ ಜ್ಯಾನಿಸ್ ಜಾಪ್ಲಿನ್ ಕಥೆ ನನಗೆ ಇವತ್ತಿಗೂ ಸಂಕಟ ತರುತ್ತದೆ. ಟೆಕ್ಸಾಸ್‌ನ ಪೋರ್ಟ್ ಆರ್ಥರ್ ಅನ್ನೋ ಊರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದರು. ಅಲ್ಲಿಂದ ಸೋತು ವಾಪಸ್ ಬಂದರು. 1966ರಲ್ಲಿ ಮತ್ತೆ ಹೋಗಿ ‘ಬಿಗ್ ಬ್ರದರ್’ ಬ್ಯಾಂಡ್ ಸೇರಿದರು. 1968ರಲ್ಲಿ ಅವರ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ ಒಂದನೆಯ ಜಾಗಕ್ಕೆ ಬಂತು. ಆ ವರ್ಷದ ಕೊನೆಗೆ ಬ್ಯಾಂಡ್ ಬಿಟ್ಟರು. ಡಿಸೆಂಬರ್ ಆರಂಭದಲ್ಲಿ ಹಳೆಯ ಬ್ಯಾಂಡ್ ಜೊತೆ ಕೊನೆಯ ಶೋ, ಡಿಸೆಂಬರ್ 21ಕ್ಕೆ ಮೆಂಫಿಸ್‌ನಲ್ಲಿ ಹೊಸ ಬ್ಯಾಂಡ್ ಜೊತೆ ಮೊದಲ ಶೋ. ನಡುವೆ ಮೂರೇ ವಾರ. ಮೆಂಫಿಸ್ ಅಂದರೆ ‘ಸೋಲ್’ (soul) ಅನ್ನೋ ಅಮೆರಿಕದ ಕಪ್ಪು ಜನರ ಸಂಗೀತದ ತವರು. ಇವರದು ಸೋಲ್ ಕಡೆಗೆ ಹೊರಟ ಹೊಸ ಬ್ಯಾಂಡ್, ಇನ್ನೂ ಒಗ್ಗಿರಲಿಲ್ಲ. ಜನ ತಣ್ಣಗೆ ಕೂತಿದ್ದರು. ದನಿಯಲ್ಲಿ ಕೊರತೆ ಇರಲಿಲ್ಲ. ದಿನಗಳ ಕೊರತೆ ಇತ್ತು. 1970ರ ‘ಫುಲ್ ಟಿಲ್ಟ್ ಬೂಗಿ’ ಬ್ಯಾಂಡ್ ಅವರ ದನಿಗೆ ಎಷ್ಟು ಚೆನ್ನಾಗಿ ಒಪ್ಪಿತ್ತು ಅಂತ ಕೇಳಿದರೆ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಆ ವರ್ಷ ಅಕ್ಟೋಬರ್ 4ಕ್ಕೆ ಅವರು ಇರಲಿಲ್ಲ. ಆಗ ಅವರಿಗೆ ನಿಮ್ಮದೇ ವಯಸ್ಸು, 27.

ನೀವು ಕನಿಷ್ಠ ಎಂಟು ವಾರ ಕೇಳಿ. ದೊಡ್ಡ ವೇದಿಕೆಗೆ ಮೊದಲು ಎರಡು ಸಣ್ಣ ಶೋ ಇಟ್ಟುಕೊಳ್ಳಿ.

ಒಪ್ಪಂದದ ಕಾಗದದ ವಿಷಯ ಮಾತಾಡಲು ಗಾಯಕರಿಗೆ ಸಂಕೋಚ. ಸಿನಾತ್ರಾ ಡಾರ್ಸಿಗೆ ಬರೆದುಕೊಟ್ಟ ಒಪ್ಪಂದದಲ್ಲಿ ಬ್ಯಾಂಡ್ ಬಿಟ್ಟ ಮೇಲೂ ಗಳಿಕೆಯ ಮೂರನೇ ಒಂದು ಭಾಗ ಡಾರ್ಸಿಗೆ, ನೂರಕ್ಕೆ 10 ಡಾರ್ಸಿಯ ಮ್ಯಾನೇಜರ್‌ಗೆ ಹೋಗಬೇಕಿತ್ತು. ಅದರಿಂದ ಬಿಡಿಸಿಕೊಳ್ಳಲು ವಕೀಲರು, ಹಣ ಎಲ್ಲ ಬೇಕಾಯಿತು. ಹ್ಯಾರಿ ಜೇಮ್ಸ್ ಮಾತ್ರ ಒಪ್ಪಂದ ಬಾಕಿ ಇದ್ದರೂ ಮುಂಚೆ ಕೈ ಕುಲುಕಿ ಕಳಿಸಿದ್ದರು. ಎಲ್ಲರೂ ಹ್ಯಾರಿ ಜೇಮ್ಸ್ ಆಗಿರುವುದಿಲ್ಲ. ಹಾಡು ಬೇರೆ, ರೆಕಾರ್ಡಿಂಗ್ ಬೇರೆ, ಬ್ಯಾಂಡ್‌ನ ಹೆಸರು ಬೇರೆ. ಮೂರಕ್ಕೂ ಯಾರು ಯಜಮಾನರು ಅಂತ ಮೊದಲೇ ಬರೆದಿರಲಿ. ನೀವು ಸಾಹಿತ್ಯ ಬರೆದರೆ, ರಾಗ ಕಟ್ಟಿದರೆ, ಅದೇ ದಿನ ಯಾರ ಪಾಲು ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ನಾನು ಒಂದು ಬ್ಯಾಂಡ್‌ನಲ್ಲಿ ಎರಡು ಹಾಡಿಗೆ ಸಾಹಿತ್ಯ ಬರೆದೆ, ಸಹಿ ಕೇಳಲಿಲ್ಲ. ಆ ಹಾಡುಗಳನ್ನು ಇನ್ನೂ ಹಾಡುತ್ತಾರೆ, ನನ್ನ ಹೆಸರು ಎಲ್ಲೂ ಇಲ್ಲ. ಹೆಸರಿನ ವಿಷಯವೂ ಹಾಗೇ. 2006ರಲ್ಲಿ ಡಿಯೊ, ಅಯೋಮಿ, ಗೀಜರ್ ಬಟ್ಲರ್, ವಿನ್ನಿ ಅಪೀಸ್ ಮತ್ತೆ ಒಂದಾದಾಗ ಬ್ಲ್ಯಾಕ್ ಸಬಾತ್ ಅಂತ ಕರೆದುಕೊಳ್ಳಲಿಲ್ಲ. ‘ಹೆವನ್ ಆ್ಯಂಡ್ ಹೆಲ್’ ಅನ್ನೋ ಹೆಸರಿನಲ್ಲಿ ಹೊರಟರು.

ಆ ಅಪೀಸ್ ಹೆಸರು ಬಂತಲ್ಲ, ಅದರಿಂದ ಇನ್ನೊಂದು ಮಾತು. 1982ರಲ್ಲಿ ಡಿಯೊ ಸಬಾತ್‌ನಿಂದ ಜಗಳವಾಡಿ ಹೊರಟಾಗ ಡ್ರಮ್ಮರ್ ಅಪೀಸ್ ಜೊತೆಗೇ ಬಂದರು. ಹೊಸ ಬ್ಯಾಂಡ್‌ಗೆ ಬೇಸ್ ನುಡಿಸಲು ಬಂದ ಜಿಮ್ಮಿ ಬೇನ್ ರೇನ್‌ಬೋ ಕಾಲದ ಗೆಳೆಯ. ಹತ್ತು ವರ್ಷದ ಮೇಲೆ, 1992ರಲ್ಲಿ, ಜಗಳವಾಡಿದ ಅದೇ ಅಯೋಮಿ ಜೊತೆ ಇನ್ನೊಂದು ಆಲ್ಬಂ ಮಾಡಿದರು. ಬ್ಯಾಂಡ್ ಬಿಡುವಾಗ ಜನರನ್ನು ಬಿಡಬೇಕಾಗಿಲ್ಲ. ಹಾಗಾಗಿ ಈಗಿನ ಸಣ್ಣ ಬ್ಯಾಂಡ್‌ನವರಿಗೆ ಈ ವಿಷಯ ಬೇರೆಯವರ ಬಾಯಿಂದ ತಿಳಿಯಬಾರದು. ನೀವೇ ಹೋಗಿ, ಎದುರು ಕೂತು ಹೇಳಿ. ಒಪ್ಪಿಕೊಂಡ ಶೋಗಳನ್ನು ಮುಗಿಸಿಕೊಡಿ. ಹೊಸಬರು ಸಿಕ್ಕರೆ ಅವರಿಗೆ ಹಾಡು ಹೇಳಿಕೊಡಿ.

ಊರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನೀವು ಮೂರು ಊರು ನೋಡಿದವರು. ಶೋಗಳಿಂದ ಏನೂ ಬರದಿದ್ದರೂ ಆರು ತಿಂಗಳು ನಡೆಯುವಷ್ಟು ದುಡ್ಡು ಕೈಯಲ್ಲಿರಲಿ. ಹೊಸ ಊರಿನಲ್ಲಿ ಬ್ಯಾಂಡ್‌ಗೆ ಹೊರಗಿನ ಒಬ್ಬರಾದರೂ ಸಂಗೀತದ ಗೆಳೆಯರು ಇರಲಿ.

ಇನ್ನು ಗಂಟಲು. ಸ್ವರಪೆಟ್ಟಿಗೆಯೊಳಗಿನ ಎರಡು ಪುಟ್ಟ ಮಡಿಕೆಗಳು ಒಂದಕ್ಕೊಂದು ಬಡಿದು ದನಿ ಹುಟ್ಟುತ್ತದೆ. ಆರ್ಕೆಸ್ಟ್ರಾದವರು ಶ್ರುತಿ ಕೂಡಿಸುವ ‘ಎ’ ಸ್ವರವನ್ನು ನೀವು ಹಾಡಿದರೆ ಅವು ಸೆಕೆಂಡಿಗೆ 440 ಸಲ ಬಡಿಯುತ್ತವೆ. ಡ್ರಮ್ ಪಕ್ಕ ನಿಂತಾಗ ನಿಮ್ಮ ದನಿ ನಿಮಗೆ ಕೇಳಿಸದಿದ್ದರೆ ಗೊತ್ತಿಲ್ಲದೆಯೇ ಜೋರಾಗಿ ಹಾಡುತ್ತೀರಿ. ಗದ್ದಲದಲ್ಲಿ ಎಲ್ಲರೂ ಹೀಗೆ ದನಿ ಏರಿಸುತ್ತಾರೆ ಅಂತ ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ಡ್ 1911ರಲ್ಲೇ ಬರೆದಿದ್ದಾರೆ. ಮನಸ್ಸು ಗಟ್ಟಿ ಮಾಡಿದರೆ ಇದು ನಿಲ್ಲುವುದಿಲ್ಲ, ಮಾನಿಟರ್ (ನಿಮ್ಮ ದನಿಯನ್ನು ನಿಮಗೇ ಕೇಳಿಸುವ ಸ್ಪೀಕರ್) ಸರಿ ಮಾಡಿದರೆ ನಿಲ್ಲುತ್ತದೆ. ಕಿವಿಯೊಳಗೆ ಹಾಕುವ ಮಾನಿಟರ್ ನಿಮ್ಮದೇ ಒಂದು ಜೊತೆ ತೆಗೆದುಕೊಳ್ಳಿ. ಯಾವ ಬ್ಯಾಂಡ್‌ಗೆ ಹೋದರೂ ಅದು ನಿಮ್ಮ ಜೊತೆ ಬರುತ್ತದೆ.

ಗಂಟಲು ಕಟ್ಟಿದ ದಿನ ಪಿಸುಮಾತಿನಲ್ಲಿ ಮಾತಾಡಬೇಡಿ. ಅದು ವಿಶ್ರಾಂತಿ ಅಲ್ಲ. ಬಾಯಿ ಮುಚ್ಚಿಕೊಂಡಿರುವುದೇ ವಿಶ್ರಾಂತಿ. ಶೋಗೆ ಐದು ನಿಮಿಷ ಮೊದಲು ಕುಡಿದ ನೀರು ಆ ಮಡಿಕೆಗಳಿಗೆ ತಾಕುವುದೇ ಇಲ್ಲ, ಅದು ಹೊಟ್ಟೆಗೆ ಹೋಗುತ್ತದೆ. ಬೆಳಗಿನಿಂದಲೇ ಕುಡಿಯುತ್ತಿರಿ.

ಒಂದೆರಡು ದಿನದಲ್ಲಿ ದನಿ ಮೊದಲಿನ ಹಾಗೆ ಆದರೆ ಅದು ದಣಿವು. ನೀವು ‘ಇತ್ತೀಚೆಗೆ ಜಾಸ್ತಿಯಾಗಿದೆ’ ಅಂತ ಬರೆದಿದ್ದೀರಿ, ನನಗೆ ಚಿಂತೆ ಹತ್ತಿದ್ದು ಅಲ್ಲೇ. ಮೇಲಿನ ಸ್ವರಗಳನ್ನು ಮೆಲ್ಲಗೆ ಹಾಡಲು ಹೋದಾಗ ದನಿ ಬರದೆ ಬರೀ ಗಾಳಿ ಬಂದರೆ, ಅಥವಾ ದನಿ ಕೂತದ್ದು ಮೂರು ವಾರ ದಾಟಿದರೆ, ಕಾಯಬೇಡಿ. ಕಿವಿ ಮೂಗು ಗಂಟಲಿನ ಡಾಕ್ಟರ್ ಸಣ್ಣ ಕ್ಯಾಮೆರಾ ಹಾಕಿ ನೋಡುತ್ತಾರೆ, ಕೆಲವೇ ನಿಮಿಷದ ಕೆಲಸ. ಗಂಟು ಇದೆ ಅಂದರೂ ಹೆದರಬೇಡಿ. ಹಾಡುವವರಿಗೆ ಬರುವ ಗಂಟುಗಳಿಗೆ ಮೊದಲು ಕೊಡುವುದು ಆಪರೇಷನ್ ಅಲ್ಲ, ದನಿ ಬಳಸುವ ರೀತಿಯನ್ನು ತಿದ್ದುವ ಥೆರಪಿ.

ಆ ಬ್ಯಾಂಡ್‌ನವರು ಸ್ಕೇಲ್ ಸರಿಸಲು ಒಪ್ಪಿ, ಎಂಟು ವಾರ ಕೊಟ್ಟು, ಒಪ್ಪಂದ ಬರೆದುಕೊಟ್ಟರೆ ನನ್ನ ಮಟ್ಟಿಗೆ ನೀವು ಹೋಗಬೇಕು. ಆದರೆ ಅವರಿಗೆ ಫೋನ್ ಮಾಡುವುದು ನಾಳೆ ಇರಲಿ. ಇವತ್ತು ಡಾಕ್ಟರ್ ಹತ್ತಿರ ಸಮಯ ತೆಗೆದುಕೊಳ್ಳಿ.